ಕನ್ನಡದ ಹೆಸರು ಮತ್ತು ಆಟೊಕಂಪ್ಲೀಟ್

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ಬಂದಿರುವ ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಡೇಟಾಬೇಸ್ ಕೆಲಸದಲ್ಲಿ ಇವತ್ತು ಯಾರೂ ಪ್ರತಿ ಅಕ್ಷರವನ್ನೂ ತಾವೇ ಟೈಪ್ ಮಾಡುವುದಿಲ್ಲ. ಟೇಬಲ್ ಹೆಸರಿನ ಎರಡಕ್ಷರ ಒತ್ತಿದರೆ ಉಳಿದದ್ದನ್ನು ಆಟೊಕಂಪ್ಲೀಟ್ ಸೂಚಿಸುತ್ತದೆ. ಅದು ತಪ್ಪಿದಾಗ ಪೂರ್ತಿ ಹೆಸರನ್ನು ಕೈಯಾರೆ ಬರೆದು ಮುಂದೆ ಹೋಗುತ್ತೇವೆ. ದೋಷ ಅಲ್ಲೇ ಉಳಿಯುತ್ತದೆ. ಈ ರೂಢಿ ಬಿಟ್ಟುಹೋಗಲಿ ಎಂಬುದೇ ನನ್ನ ಆಶಯ.

ಕೆಲವು ತೊಡಕುಗಳು ಎಲ್ಲರವು. ಎಸ್‌ಕ್ಯೂಎಲ್‌ನಲ್ಲಿ ಸೆಲೆಕ್ಟ್ ಮೊದಲು, ಫ್ರಮ್ ಆಮೇಲೆ. ಟೇಬಲ್ ಯಾವುದೆಂದು ತಿಳಿಯುವ ಮೊದಲೇ ಕಾಲಂ ಸೂಚಿಸಬೇಕಾದ ಇಕ್ಕಟ್ಟು ಆಟೊಕಂಪ್ಲೀಟ್‌ಗೆ. ಇಂಥವನ್ನು ಜಗತ್ತಿನಲ್ಲಿ ಯಾರಾದರೂ ವರದಿ ಮಾಡಿಯಾರು. ಕನ್ನಡದ ಹೆಸರು ಕೊಟ್ಟಾಗ ಬರುವ ದೋಷವನ್ನು ನಾವೇ ಹೇಳಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ‘ಹಿರೇಕೆರೂರು_ತಾಲ್ಲೂಕು_ಪಹಣಿ’ ಎಂಬ ಟೇಬಲ್ ಮಾಡಿ ನೋಡಿ. ಅಲ್ಲಿ ಹೆಸರಿಗೆ 63 ಬೈಟುಗಳ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ 3 ಬೈಟು, ಅದರ ಗುಣಿತದ ಗುರುತಿಗೆ ಮತ್ತೆ 3. ಒಟ್ಟು 68 ಆಗುತ್ತದೆ. ಡೇಟಾಬೇಸು ಒಂದು ಸೂಚನೆ ಕೊಟ್ಟು, ‘ಹಿರೇಕೆರೂರು_ತಾಲ್ಲೂಕು_ಪಹ’ ಎಂದು ಕತ್ತರಿಸಿ ಇಟ್ಟುಕೊಳ್ಳುತ್ತದೆ. ಮುಂದೆ ನೀವು ಪೂರ್ತಿ ಹೆಸರು ಬರೆದರೂ ಹಾಗೆಯೇ ಕತ್ತರಿಸಿಕೊಂಡು ಉತ್ತರಿಸುತ್ತದೆ. ಆ ಕತ್ತರಿಯ ಲೆಕ್ಕ ಗೊತ್ತಿಲ್ಲದ ಆಟೊಕಂಪ್ಲೀಟ್ ಮಾತ್ರ ಅಂಥ ಟೇಬಲ್ಲೇ ಇಲ್ಲವೆಂದು ಕಾಲಂ ತೋರಿಸದೆ ಕೂರುತ್ತದೆ.

ಇನ್ನೊಂದು: ಯುನಿಕೋಡ್‌ನಲ್ಲಿ ಗುಡಿಸು ‘ಅಕ್ಷರ’ದ ವರ್ಗದಲ್ಲಿಲ್ಲ, ‘ಗುರುತು’ಗಳ ವರ್ಗದಲ್ಲಿದೆ. ಪದವೆಂದರೆ ಅಕ್ಷರಗಳಷ್ಟೇ ಎಂದುಕೊಂಡ ಕೋಡು ‘ಶಿಗ್ಗಾವಿ’ಯನ್ನು ‘ಶ’ ಮುಗಿದ ಕೂಡಲೇ ತುಂಡು ಮಾಡುತ್ತದೆ. ‘ರೇ’ಯನ್ನೂ ಎರಡು ಬಗೆಯಲ್ಲಿ ಕೂಡಿಸಬಹುದು: ಏತ್ವ, ದೀರ್ಘ ಸೇರಿದ ಒಂದೇ ಗುರುತಿನಿಂದ, ಇಲ್ಲವೆ ಎರಡನ್ನೂ ಬೇರೆಬೇರೆ ಇಟ್ಟು. ಪರದೆಯ ಮೇಲೆ ಒಂದೇ ರೂಪ; ಬೈಟುಗಳಲ್ಲಿ ಬೇರೆ.

ಪಹಣಿಯಲ್ಲಿ ಹೆಸರು ತಪ್ಪಿದ್ದರೆ ನಮ್ಮ ರೈತ ‘ಪಹಣಿ ಸರಿಯಿಲ್ಲ’ ಎಂದಷ್ಟೇ ಅರ್ಜಿ ಕೊಡುವುದಿಲ್ಲ. ಸರ್ವೆ ನಂಬರು, 9ನೇ ಕಾಲಂ, ಈಗ ಇರುವುದೇನು, ಇರಬೇಕಾದ್ದೇನು, ಅದಕ್ಕೆ ದಾಖಲೆ ಯಾವುದು ಎಂಬುದನ್ನೆಲ್ಲ ಲಗತ್ತಿಸುತ್ತಾನೆ. ದೋಷದ ವರದಿಗೂ ಅದೇ ಶಿಸ್ತು ಬೇಕು. ಯಾವ ಆವೃತ್ತಿ, ದೋಷ ಮರುಕಳಿಸುವ ಅತಿ ಚಿಕ್ಕ ಟೇಬಲ್, ಕರ್ಸರ್ ಎಲ್ಲಿತ್ತು, ಬರಬೇಕಾದ್ದೇನು, ಬಂದದ್ದೇನು. ಸ್ಕ್ರೀನ್‌ಶಾಟ್ ಮಾತ್ರ ಕಳಿಸಿದರೆ ಸಾಲದು. ಎರಡು ಬಗೆಯ ‘ರೇ’ ಚಿತ್ರದಲ್ಲಿ ಒಂದೇ ಥರ ಕಾಣುತ್ತವೆ. ಪಠ್ಯವನ್ನೇ ಹಾಕಿ, ಯುನಿಕೋಡ್ ಸಂಖ್ಯೆಗಳನ್ನೂ ಕೊಡಿ. ನಿಜವಾದ ಖಾತೆದಾರರ ಹೆಸರನ್ನು ಮಾತ್ರ ಎಂದೂ ಹಾಕಬೇಡಿ.

ದುರಸ್ತಿಗೆ ಕೈಹಾಕುವವರು ಮೊದಲು ಆ ದೋಷದಿಂದಲೇ ಸೋಲುವ ಒಂದು ಪರೀಕ್ಷೆ ಬರೆಯಲಿ; ಆಮೇಲೆ ಕೋಡು ತಿದ್ದಿ ಅದು ಪಾಸಾಗುವಂತೆ ಮಾಡಲಿ. ಆ ಪರೀಕ್ಷೆ ಅಲ್ಲೇ ಉಳಿದರೆ ಮುಂದಿನ ಆವೃತ್ತಿಯಲ್ಲಿ ಅದೇ ದೋಷ ಮತ್ತೆ ನುಸುಳಿದರೂ ಸಿಕ್ಕಿಬೀಳುತ್ತದೆ.

ಆಟೊಕಂಪ್ಲೀಟ್ ಇರುವ ಡೇಟಾಬೇಸ್ ಸಾಧನಗಳಾದ ಡಿಬೀವರ್‌ನ ಸಮುದಾಯ ಆವೃತ್ತಿ, ಪಿಜಿಅಡ್ಮಿನ್ ಎರಡರ ಮೂಲ ಕೋಡೂ ಮುಕ್ತವಾಗಿದೆ. ಮಧ್ಯಾಹ್ನದ ಗೋಷ್ಠಿಯಲ್ಲಿ ನಾಲ್ಕೂ ತಾಲ್ಲೂಕಿನ ತಂಡಗಳು ತಮ್ಮ ಊರಿನ ಹೆಸರಲ್ಲೇ ಟೇಬಲ್ ಮಾಡಿ ಇವುಗಳಲ್ಲಿ ಪರೀಕ್ಷಿಸಲಿ. ದೋಷ ಕಂಡರೆ, ಬೇರೆ ಯಾರಾದರೂ ಅದನ್ನು ಮೊದಲೇ ವರದಿ ಮಾಡಿದ್ದಾರೆಯೇ ಎಂದು ಹುಡುಕಿ. ಇಲ್ಲವಾದರೆ ಸಂಜೆಯೊಳಗೆ ಕರಡು ವರದಿ ಸಿದ್ಧವಾಗಲಿ.