ಚಂದ್ರಶೇಖರ ಕಂಬಾರರು



ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಊರುಗಳಿವೆ. ಕನ್ನಡವೂ ಮರಾಠಿಯೂ ಒಂದೇ ಸಂತೆಯಲ್ಲಿ ಕಲೆತು ವ್ಯವಹರಿಸುವ ಈ ಸೀಮೆಯು 1956ರಲ್ಲಿ ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಇಲ್ಲಿಯ ಆಡುನುಡಿಯು ಗ್ರಂಥಗಳಿಗೆ ತಕ್ಕುದಲ್ಲವೆಂದು ಓದಿದವರು ಬಹುಕಾಲ ಅದನ್ನು ಬದಿಗಿರಿಸಿದ್ದುಂಟು. ಅಂತಹ ನುಡಿಗೆ ಕಾವ್ಯದಲ್ಲಿಯೂ ರಂಗದಲ್ಲಿಯೂ ಮನ್ನಣೆಯನ್ನು ಗಳಿಸಿಕೊಟ್ಟವರಲ್ಲಿ ಪ್ರಮುಖರು, ನೆರೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು.

ಕಮ್ಮಾರಿಕೆಯ ಮನೆತನದಲ್ಲಿ ಹುಟ್ಟಿದ ಇವರು ಗೋಕಾಕ, ಬೆಳಗಾವಿ, ಧಾರವಾಡಗಳಲ್ಲಿ ವ್ಯಾಸಂಗ ಮಾಡಿದರು. ಆದರೆ ಇವರ ಮೊದಲ ಪಾಠಶಾಲೆ ಪಾರಿಜಾತ, ಸಣ್ಣಾಟ, ಲಾವಣಿಗಳೇ. ಮುಂದೆ ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯನ್ನೇ ಸಂಶೋಧನೆಗೆ ವಿಷಯವಾಗಿ ಆರಿಸಿಕೊಂಡರು. ‘ಹೇಳತೇನ ಕೇಳ’ ಎಂಬ ನೀಳ್ಗವನವು ಇವರನ್ನು ಕವಿಯೆಂದು ನಾಡಿಗೆ ಪರಿಚಯಿಸಿತು.

ಗ್ರೀಕರ ರುದ್ರನಾಟಕವು ಡಯೊನೀಸಸ್ ದೇವತೆಯ ಉತ್ಸವದಿಂದ ಮೂಡಿತೆಂದು ನಾವು ತರಗತಿಗಳಲ್ಲಿ ಬೋಧಿಸುವೆವು. ಅದಕ್ಕೆ ಹೋಲುವ ಬೀಜವು ನಮ್ಮ ಕೇರಿಗಳಲ್ಲಿಯೇ ಉಂಟೆಂಬುದನ್ನು 1972ರ ‘ಜೋಕುಮಾರಸ್ವಾಮಿ’ ನಾಟಕವು ತೋರಿಸಿತು. ಭಾದ್ರಪದದಲ್ಲಿ ಹೆಂಗಸರು ಜೋಕುಮಾರನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿರಿಸಿ ಮನೆಮನೆಗೆ ಹೊತ್ತು ಹಾಡುವರು. ಅವನು ಏಳು ದಿನ ಬಾಳಿ ಕೊಲೆಗೀಡಾಗುವನು; ಮಳೆಬೆಳೆಗಳು ಅವನಿಂದಾಗುವುವೆಂದು ರೈತರ ನಂಬಿಕೆ. ನಾಟಕದ ಗೌಡನು ನೆಲಕ್ಕೆ ಒಡೆಯನಾದರೂ ಸಂತಾನಶಕ್ತಿಯಿಲ್ಲದವನು. ಬಸಣ್ಣನು ಉಳುವವನಾದರೂ ಒಡೆತನವಿಲ್ಲದವನು. ಮಕ್ಕಳ ಬಯಕೆಯಿಂದ ಗೌಡತಿ ಪೂಜಿಸಿ ಅಟ್ಟ ಪಡವಲಕಾಯಿಯು ಬಸಣ್ಣನ ಪಾಲಾಗುವುದು. ಕಡೆಗೆ ಅವನಿಗೂ ಜೋಕುಮಾರನ ಗತಿಯೇ. ಉಳುವವನಿಗೆ ಭೂಮಿಯನ್ನು ಕೊಡುವ ಶಾಸನವು ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದಿತು. ಅದಕ್ಕೆ ಎರಡು ವರ್ಷ ಮುಂಚೆಯೇ ಕವಿಯು ಈ ಪ್ರಶ್ನೆಯನ್ನು ಹಬ್ಬದ ಕಥೆಯ ಒಡಲಿನಿಂದಲೇ ಎತ್ತಿದ್ದರು.

ಇವರು ಶಿಕಾಗೋ ಮತ್ತು ಬೆಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರಾಗಿದ್ದರು. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯಕ್ಕೆ ಮೊದಲ ಕುಲಪತಿಗಳಾದರು. ‘ಸಿರಿಸಂಪಿಗೆ’ಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 2010ನೆಯ ಸಾಲಿನ ಜ್ಞಾನಪೀಠವೂ ಇವರಿಗೆ ಸಂದಿತು. 2018ರಲ್ಲಿ ಅಕಾಡೆಮಿಯ ಅಧ್ಯಕ್ಷರಾದರು.

ಈ ಪುರಸ್ಕಾರಗಳಿಂದ ಹಿಗ್ಗುವುದು ಸಹಜವೇ. ಆದರೆ ಪಾರಿಜಾತದ ಮೇಳಗಳು ಕರಗಿ, ಗಡಿಯೂರಿನ ಮಗುವು ತನ್ನ ಮನೆಮಾತನ್ನಾಡಲು ನಾಚಿದರೆ, ಇಂತಹ ಇನ್ನೊಬ್ಬ ಕವಿಯು ಎಲ್ಲಿಂದ ಬಂದಾನು? ಅಧ್ಯಾಪಕರಾದ ನಾವು ಆ ಮಗುವಿನ ನುಡಿಯನ್ನು ತಿದ್ದುವುದಕ್ಕೆ ಮೊದಲು, ಕಿವಿಗೊಟ್ಟು ಕೇಳುವುದು ಲೇಸು.