ನಿಲ್ಲೆಂದರೂ ನಿಲ್ಲದ ಪಂಪು

ಪಿರಿಯಾಪಟ್ಟಣದ ನಮ್ಮ ಪ್ರೌಢಶಾಲೆಯ ಕೊಳವೆ ಬಾವಿಯ ಪಂಪು, ಶಿವರಾತ್ರಿಯ ಆಸುಪಾಸಿನ ಒಂದು ರಾತ್ರಿ ನಿಲ್ಲದೆ ಓಡಿತು. ತೊಟ್ಟಿ ತುಂಬಿ ನೀರು ಅಂಗಳಕ್ಕೆ ಹರಿಯಿತು. ಬಾವಿ ಬರಿದಾಗಿ ಮೋಟರಿನ ಸುರುಳಿ ಸುಟ್ಟಿತು. ತೊಟ್ಟಿಯ ನೀರು ಮುಗಿದ ಮೇಲೆ ಬಿಸಿಯೂಟದ ಅಡುಗೆಯವರು ವಾರವೆಲ್ಲ ಕೊಡ ಹೊರಬೇಕಾಯಿತು. ತಪ್ಪು ನನ್ನದೆ. ಕನ್ನಡ ಪಂಡಿತನಾದವನು ಹುಡುಗರ ಹುಮ್ಮಸ್ಸಿಗೆ ಸಿಕ್ಕಿ, ತೊಟ್ಟಿ ತುಂಬಿದೊಡನೆ ಪಂಪನ್ನು ನಿಲ್ಲಿಸುವ ಸಾಧನವೊಂದನ್ನು ಜೋಡಿಸಿದ್ದೆ. ಅದರಲ್ಲಿ ಸ್ವಿಚ್ಚಿನ ಕೆಲಸಕ್ಕೆ ಇಟ್ಟದ್ದು ಎಸ್.ಕೆ. 100 ಎಂಬ ಪಿ.ಎನ್.ಪಿ. ಟ್ರಾನ್ಸಿಸ್ಟರು.

ಟ್ರಾನ್ಸಿಸ್ಟರೆಂದರೆ ನಮ್ಮ ಹಿರಿಯರಿಗೆ ಕೈಲಿ ಹಿಡಿವ ರೇಡಿಯೋ. ಹೆಸರು ನಿಜವಾಗಿ ಅದರೊಳಗಿನ ಕಾಳಿನಷ್ಟು ವಸ್ತುವಿನದು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಅದನ್ನು ಮೊದಲು ದುಡಿಸಿದರು. 1960ರ ದಶಕದ ರೇಡಿಯೋಗಳಲ್ಲಿದ್ದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಬಹುಪಾಲು ಪಿ.ಎನ್.ಪಿ. ಜಾತಿಯವೇ.

ಅದಕ್ಕೆ ಮೂರು ಕಾಲುಗಳು: ಎಮಿಟರ್, ಬೇಸ್, ಕಲೆಕ್ಟರ್. ಎಮಿಟರನ್ನು ಬ್ಯಾಟರಿಯ ಧನಕ್ಕೆ ಸೇರಿಸಿ, ಕಲೆಕ್ಟರಿಗೂ ಋಣಕ್ಕೂ ನಡುವೆ ದುಡಿಯಬೇಕಾದ ರಿಲೇಯನ್ನಿಡಬೇಕು. ಬೇಸು ಎಮಿಟರಿಗಿಂತ ಸುಮಾರು 0.7 ವೋಲ್ಟ್ ಕೆಳಗಿಳಿದರೆ ವಿದ್ಯುತ್ತು ಹರಿಯುವುದು. ಎಮಿಟರಿನ ಸಮಕ್ಕೇರಿದರೆ ನಿಲ್ಲುವುದು. ಬಯಾಸ್ ಎಂಬ ಮಾತಿಗೆ ನಾನು ಒಲವು ಎನ್ನುತ್ತೇನೆ. 'ಗಿಂತ' ಎಂಬ ಪ್ರತ್ಯಯವಿಲ್ಲದೆ ಇಲ್ಲಿ ಯಾವ ವೋಲ್ಟಿಗೂ ಅರ್ಥವಿಲ್ಲ. ವ್ಯಾಕರಣ ಬಲ್ಲ ನಾನೇ ಇದನ್ನು ಮರೆತೆ.

ನನ್ನ ರಿಲೇಗೆ 12 ವೋಲ್ಟ್; ಆದುದರಿಂದ ಎಮಿಟರೂ 12ರಲ್ಲಿ. ನೀರನ್ನು ಅರಿಯುವ ಭಾಗವೋ 5 ವೋಲ್ಟಿನದು: ನೀರು ಬೇಕಾದಾಗ ಸೊನ್ನೆ, ತೊಟ್ಟಿ ತುಂಬಿದಾಗ 5. ಅದನ್ನು ರೋಧಕವೊಂದರ ಮೂಲಕ ಬೇಸಿಗೆ ಕೊಟ್ಟೆ. ಆದರೆ 5 ಎಂಬುದು 12ಕ್ಕಿಂತ 7 ಕೆಳಗೆ! ನಾನು 'ನಿಲ್ಲು' ಎಂದು ಕೊಟ್ಟ ಅಪ್ಪಣೆ ಟ್ರಾನ್ಸಿಸ್ಟರಿಗೆ 'ನಡೆ' ಎಂದೇ ಕೇಳಿಸಿತು. ಪಂಪು ಶುರುವಾದುದನ್ನು ಕಂಡು ಹಿಗ್ಗಿದೆನೇ ಹೊರತು, ನಿಲ್ಲುವುದನ್ನು ನೋಡಲು ಕಾಯಲಿಲ್ಲ.

ಪರಿಹಾರ ಕಷ್ಟದ್ದಲ್ಲ. ಬೇಸಿಗೂ ಎಮಿಟರಿಗೂ ನಡುವೆ 10 ಕಿಲೋ ಓಮಿನ ರೋಧಕವನ್ನಿಟ್ಟರೆ, ಬೇರೆ ಎಳೆತವಿಲ್ಲದಾಗ ಬೇಸು ತಾನೇ 12ಕ್ಕೇರಿ ನಿಲ್ಲುವುದು. ಕೆಳಗೆಳೆಯುವ ಕೆಲಸವನ್ನು ಒಂದು ಸಣ್ಣ ಎನ್.ಪಿ.ಎನ್. ಟ್ರಾನ್ಸಿಸ್ಟರಿಗೆ, ಬಿ.ಸಿ. 547 ಆದೀತು, ಒಪ್ಪಿಸಬೇಕು. ಅದರ ಎಮಿಟರು ಋಣದಲ್ಲಿರುವುದರಿಂದ 5 ವೋಲ್ಟಿನ ಅಪ್ಪಣೆ ಅದಕ್ಕೆ ಸರಿಯಾಗಿ ತಿಳಿಯುವುದು. ಅಪ್ಪಣೆ ಮಾತ್ರ ತಿರುವುಮುರುವಾಗುವುದು: ಇನ್ನು ಮೇಲೆ 5 ಎಂದರೆ 'ನಡೆ'.

ಲೆಕ್ಕವೂ ಬೇಕು. ರಿಲೇಯ ಸುರುಳಿ 400 ಓಮು, ಬೇಡುವುದು 30 ಮಿಲಿ ಆಂಪಿಯರ್. ಸ್ವಿಚ್ಚು ಪೂರ್ತಿ ತೆರೆಯಲು ಅದರ ಹತ್ತನೆಯ ಒಂದು ಪಾಲು, ಎಂದರೆ 3 ಮಿಲಿ ಆಂಪಿಯರನ್ನು ಬೇಸಿನಿಂದ ಎಳೆಯುವುದು ರೂಢಿ. 11.3 ವೋಲ್ಟನ್ನು 3ರಿಂದ ಭಾಗಿಸಿದರೆ ಸುಮಾರು 3.8 ಕಿಲೋ ಓಮು. ಅಂಗಡಿಯಲ್ಲಿ ಸಿಗುವ 3.3 ಕಿಲೋ ಓಮಿನದನ್ನು ಬೇಸಿಗೂ ಎನ್.ಪಿ.ಎನ್.ನ ಕಲೆಕ್ಟರಿಗೂ ನಡುವೆ ಹಾಕಿ. ರಿಲೇಯ ಅಡ್ಡಕ್ಕೆ ಡಯೋಡೊಂದನ್ನು ಹಿಮ್ಮುಖವಾಗಿ ಕಟ್ಟಿ. ಆರಿದಾಗ ಸುರುಳಿ ಒದೆಯುವ ಒದೆತವನ್ನು ಅದು ತಾಳಿಕೊಳ್ಳುವುದು. ಪಂಪಿನ ಕಡೆಯ ತಂತಿಗಳನ್ನು ಬಲ್ಲ ಎಲೆಕ್ಟ್ರಿಷಿಯನ್ನೇ ಮುಟ್ಟಲಿ.

ಪಂಪಿಗೆ ಜೋಡಿಸುವ ಮೊದಲು ಬೇಸು ಎಮಿಟರುಗಳ ನಡುವೆ ಮೀಟರಿಟ್ಟು ನೋಡಿ: ನಡೆವಾಗ 0.7 ವೋಲ್ಟಿನ ಆಸುಪಾಸು, ನಿಂತಾಗ ಹೆಚ್ಚುಕಡಿಮೆ ಸೊನ್ನೆ. ನಾನು ಅಂದು ಅಳೆದದ್ದು ಅರಿಯುವ ಭಾಗಕ್ಕೂ ಋಣಕ್ಕೂ ನಡುವೆ.