ಸಾಲದ ಸರಪಳಿ

1998ರ ಮೇ 16ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸುಮಾರು 70 ಸಾವಿರ ಜನ ಕೈಗೆ ಕೈ ಬೆಸೆದು ಬೀದಿಗಳಲ್ಲಿ ಸರಪಳಿಯಾಗಿ ನಿಂತರು. ನಗರದಲ್ಲಿ ಎಂಟು ಪ್ರಬಲ ದೇಶಗಳ ಕೂಟವಾದ ಜಿ-8ರ ಶೃಂಗಸಭೆ ನಡೆದಿತ್ತು. ಬಡ ದೇಶಗಳು ತೀರಿಸಲಾಗದ ಸಾಲ ಮನ್ನಾ ಆಗಬೇಕೆಂಬುದು ‘ಜುಬಿಲಿ 2000’ ಚಳವಳಿಯ ಬೇಡಿಕೆ. ಸರಪಳಿ ಆ ಸಾಲದ ಸಂಕೋಲೆಯ ಗುರುತು.

ಹೀಗೆ ನಿಂತವರು ತಮಗಾಗಿ ಏನನ್ನೂ ಬೇಡಿರಲಿಲ್ಲ ಎಂಬುದೇ ಇಲ್ಲಿನ ದೊಡ್ಡ ಸಂಗತಿ. ಬಡ್ಡಿಗೆಂದು ಹೊರಹೋಗುವ ಹಣ ಆಫ್ರಿಕಾದ ಶಾಲೆಗೆ, ಆಸ್ಪತ್ರೆಗೆ ಉಳಿಯಲಿ ಎಂದಷ್ಟೇ ಕೇಳಿದರು. ಊರೂರಿನ ಚರ್ಚುಗಳಲ್ಲಿ ಸಹಿ ಸಂಗ್ರಹವಾಯಿತು, ಸಂಸದರಿಗೆ, ಮಂತ್ರಿಗಳಿಗೆ ಅಂಚೆ ಕಾರ್ಡುಗಳು ಹೋದವು. ತನ್ನದೇ ಕ್ಷೇತ್ರದ ಮತದಾರ ಕೈಯಾರೆ ಬರೆದ ನಾಲ್ಕು ಸಾಲನ್ನು ಯಾವ ಜನಪ್ರತಿನಿಧಿಯೂ ಸುಲಭವಾಗಿ ಬದಿಗಿಡಲಾರ.

ಮರುವರ್ಷ ಜರ್ಮನಿಯ ಕಲೋನ್‌ನಲ್ಲಿ ಜಿ-8 ನಾಯಕರು ಸಾಲಮನ್ನಾದ ವ್ಯಾಪ್ತಿ ಹಿಗ್ಗಿಸಲು ಒಪ್ಪಿದರು. ಈ ನೆರವು ಪಡೆದ ಟಾಂಜಾನಿಯಾ 2001ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿತು. ಲಕ್ಷಾಂತರ ಮಕ್ಕಳು ಮೊದಲ ಬಾರಿಗೆ ತರಗತಿಯಲ್ಲಿ ಕೂತರು.

ಬಡ ದೇಶಗಳ ಬಗೆಗಿನ ಕಾಳಜಿ ಸಾಲಮನ್ನಾಕ್ಕೇ ನಿಲ್ಲಲಿಲ್ಲ; ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ವಿದೇಶಿ ನೆರವಿಗೆ ಮೀಸಲಿಡುವ ಕಾನೂನನ್ನು ಬ್ರಿಟನ್ 2015ರಲ್ಲಿ ಮಾಡಿತು. ನೋವಿನ ಮಾತೆಂದರೆ, ಅದನ್ನು ಶೇ 0.5ಕ್ಕೆ ಇಳಿಸಿದ ಸರ್ಕಾರದ ನಿಲುವಿಗೆ 2021ರಲ್ಲಿ ಸಂಸತ್ತೇ ಸಮ್ಮತಿಸಿತು.